ಮಣ್ಣೆತ್ತು ಏಕೆ ಬಿರಿಯುತ್ತದೆ?

ಮಕ್ಕಳೇ, ಕಾರ ಹುಣ್ಣಿಮೆಯ ಹದಿನೈದು ದಿನಗಳ ನಂತರ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ನೀವು ಎರೆಮಣ್ಣು ತಂದು ಎತ್ತುಗಳನ್ನು ಮಾಡುತ್ತೀರಿ, ಅವುಗಳ ಮುಂದೆ ಗೋದಲಿಯನ್ನೂ ಕಟ್ಟುತ್ತೀರಿ. ಎರಡು ದಿನ ಬಿಟ್ಟು ನೋಡಿದರೆ ಎತ್ತಿನ ಹೊಟ್ಟೆಯ ಮೇಲೆ ಬಿರುಕು! ಕಣಗಿನಹಾಳದಲ್ಲಿ ಒಬ್ಬ ಹುಡುಗಿ ಇಂಥ ಎತ್ತನ್ನು ಅಂಗೈಯಲ್ಲಿಟ್ಟುಕೊಂಡು ಬಂದು, “ಎತ್ತೂ ಮಣ್ಣಿಂದು, ಗಡಿಗಿನೂ ಮಣ್ಣಿಂದು. ಗಡಿಗಿ ಯಾಕ ಬಿರಿಯಂಗಿಲ್ರಿ ಸರ್?” ಎಂದು ಕೇಳಿದಳು. ಉತ್ತರವನ್ನು ನಾವೇ ಹುಡುಕೋಣ.

ಎರೆಮಣ್ಣಿನ ಗುಣ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಾತಿಯ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿವೆ. ನೀರು ಪದರಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲ ಬಿರುಕು ಬಿಡುವುದೂ ಇದೇ ಕಾರಣದಿಂದ. ದಪ್ಪನೆಯ ಎತ್ತು ಹೊರಗೆ ಬೇಗ ಆರಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿಯಾಗಿರುತ್ತದೆ. ಆಗ ಹೊರಪದರ ಸೀಳುತ್ತದೆ.

ಕುಂಬಾರರು ಇದನ್ನು ಚೆನ್ನಾಗಿ ಬಲ್ಲರು. ಅವರು ಹದವಾದ ಮಣ್ಣನ್ನು ಆರಿಸುತ್ತಾರೆ, ಅದಕ್ಕೆ ಮರಳು ಅಥವಾ ಬೂದಿ ಬೆರೆಸುತ್ತಾರೆ, ಗಡಿಗೆಯ ಗೋಡೆಯನ್ನು ತೆಳುವಾಗಿ ತಟ್ಟಿ ನೆರಳಿನಲ್ಲಿ ಆರಿಸುತ್ತಾರೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಶಿವಾನ್ ಎಂಬ ಊರು ಮಣ್ಣಿನ ಗೊಂಬೆಗಳಿಗೆ ಹೆಸರುವಾಸಿ. ಅಲ್ಲಿನ ದೊಡ್ಡ ಗೊಂಬೆಗಳ ಒಳಗೂ ಟೊಳ್ಳು! ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಅದು ಆವಿಯಾಗಿ ಗೊಂಬೆಯನ್ನು ಒಡೆಯುತ್ತದೆ.

ಮಾಡಿ ನೋಡಿ

1. ಬರೀ ಎರೆಮಣ್ಣಿನ ಒಂದು ಪಟ್ಟಿ, ಮೂರು ಪಾಲು ಎರೆಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿದ ಇನ್ನೊಂದು ಪಟ್ಟಿ ಮಾಡಿ. ಎರಡೂ ಒಂದೇ ದಪ್ಪವಿರಲಿ. ಹಸಿ ಇರುವಾಗಲೇ ಪ್ರತಿಯೊಂದರ ಮೇಲೆ 10 ಸೆಂ.ಮೀ. ಗೆರೆ ಎಳೆಯಿರಿ. ನೆರಳಿನಲ್ಲಿ ಪೂರ್ತಿ ಆರಿದ ಮೇಲೆ ಗೆರೆಯನ್ನು ಅಳೆಯಿರಿ. 10 ಸೆಂ.ಮೀ. ಗೆರೆ 9 ಸೆಂ.ಮೀ. ಆಗಿದ್ದರೆ ಕುಗ್ಗಿದ್ದು ಶೇಕಡಾ 10. ಯಾವ ಪಟ್ಟಿ ಹೆಚ್ಚು ಕುಗ್ಗಿತು?

2. ಒಣಗಿದ ಎತ್ತಿನ ಒಂದು ಚೂರನ್ನೂ ಒಡೆದ ಗಡಿಗೆಯ ಒಂದು ಬೋಕಿಯನ್ನೂ ನೀರಿನಲ್ಲಿ ಹಾಕಿ. ಎತ್ತಿನ ಚೂರು ಕರಗಿ ಕೆಸರಾಗುತ್ತದೆ. ಬೋಕಿ ಹಾಗೆಯೇ ಉಳಿಯುತ್ತದೆ.

ಕಾರಣವೇನು?

ಬಿಸಿಲಿನಲ್ಲಿ ಆರುವುದು ಭೌತ ಬದಲಾವಣೆ. ನೀರು ಹಾಕಿದರೆ ಮಣ್ಣು ಮತ್ತೆ ಮಣ್ಣೇ. ಕುಂಬಾರರ ಆವಿಗೆಯಲ್ಲಿ ಶಾಖ ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್ ತಲುಪಿದಾಗ, ಖನಿಜದ ರಚನೆಯಲ್ಲೇ ಸೇರಿದ್ದ ನೀರಿನ ಅಂಶವೂ ಹೊರಟುಹೋಗುತ್ತದೆ. ರಚನೆ ಬದಲಾಗುತ್ತದೆ. ಇದು ರಾಸಾಯನಿಕ ಬದಲಾವಣೆ. ಗಡಿಗೆಯನ್ನು ನೀರಿನಲ್ಲಿ ನೆನೆಸಿ ಮತ್ತೆ ಹಸಿಮಣ್ಣು ಮಾಡಲಾಗದು. ಮೊಹೆಂಜೊದಾರೊದಲ್ಲಿ ಸಿಕ್ಕ ಸುಟ್ಟ ಮಣ್ಣಿನ ಎತ್ತುಗಳು 4000 ವರ್ಷಗಳಿಗೂ ಹಳೆಯವು.

ಹಾಗಾದರೆ ನಮ್ಮ ಹಸಿ ಎತ್ತು ಕಡಿಮೆಯೇ? ಅಲ್ಲ. ಪೂಜೆಯ ನಂತರ ಅದು ನೀರಿನಲ್ಲಿ ಕರಗಿ ಮಣ್ಣಿಗೆ ಮರಳುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗೊಂಬೆ ಬಹಳ ನಿಧಾನವಾಗಿ ಕರಗುತ್ತದೆ, ಅದರ ಬಣ್ಣ ಕೆರೆಯ ನೀರನ್ನು ಕೆಡಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಇಂಥ ಮೂರ್ತಿಗಳು ಬೇಡವೆಂದಿದೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: “ಮುಂದಿನ ವರ್ಷ ಮಣ್ಣಿಗೆ ಒಂದು ಹಿಡಿ ಮರಳು ಬೆರೆಸಿ, ನೆರಳಿನಲ್ಲಿ ಆರಿಸು.” ನೀವೂ ಮಾಡಿ ನೋಡಿ. ಕಂಡದ್ದನ್ನು ನಿಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿ ಬರೆಯಿರಿ.

ಆಲೋಚಿಸಿ: ಸುಟ್ಟ ಗಡಿಗೆ ನೀರಿನಲ್ಲಿ ಕರಗದು, ಆದರೂ ಅದರ ಹೊರಮೈ ಒದ್ದೆಯಾಗಿ ನೀರು ತಂಪಾಗುತ್ತದೆ. ಹೇಗೆ?