ಕೆಲಸದ ನಡುವೆ ಒಂದು ಗಾಥೆ

*ಇಂದಿನ ಧಮ್ಮ ಚಿಂತನೆ*


ಹೋದ ವಾರದ ಅಧ್ಯಯನದಲ್ಲಿ ನಮ್ಮ ಹಿರಿಯರೊಬ್ಬರು ಕೇಳಿದರು: "ನಸುಕಿನ್ಯಾಗ ಕಬ್ಬು ಕಡಿಯಾಕ ಹೋಗಿ ಕತ್ತಲಾದ ಮ್ಯಾಲೆ ಬರೋರಿಗೆ ಕವಿತೆ ಯಾಕ ಬೇಕ್ರೀ? ಅದು ಸಾಲಿ ಕಲ್ತು ಕುಂತವರ ಕೆಲಸ." ಅಂದು ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ದೊಡ್ಡದು, ಅದಕ್ಕೇ ಬರೆಯುತ್ತಿದ್ದೇನೆ.

ಥೇರೀಗಾಥೆಯನ್ನು ತೆರೆದು ನೋಡಿ. ಖುದ್ದಕನಿಕಾಯದ ಈ ಗ್ರಂಥದಲ್ಲಿ ಭಿಕ್ಖುಣಿಯರ 73 ಕವಿತೆಗಳಿವೆ. ಅವರಲ್ಲಿ ಪುಣ್ಣಿಕಾ ಎಂಬಾಕೆ ನೀರು ಹೊರುವ ದಾಸಿಯಾಗಿದ್ದವಳು. ಒಡತಿಯ ಬೈಗುಳಕ್ಕೆ, ಏಟಿಗೆ ಹೆದರಿ ಕೊರೆಯುವ ಚಳಿಯಲ್ಲೂ ಹೊಳೆಗೆ ಇಳಿಯುತ್ತಿದ್ದವಳು. ಅದೇ ಹೊಳೆಯಲ್ಲಿ ಪಾಪ ತೊಳೆಯಲೆಂದು ನಡುಗುತ್ತ ಮುಳುಗುವ ಬ್ರಾಹ್ಮಣನನ್ನು ಆಕೆ ನೇರವಾಗಿ ಪ್ರಶ್ನೆ ಮಾಡುತ್ತಾಳೆ. ನೀರಿನಿಂದ ಪಾಪ ಹೋಗುವುದಾದರೆ ಕಪ್ಪೆ, ಆಮೆಗಳೂ ಸ್ವರ್ಗಕ್ಕೆ ಹೋಗಬೇಕಲ್ಲ ಎಂಬುದು ಆಕೆಯ ವಾದ. ಮಲಪ್ರಭೆಯ ದಂಡೆಯಲ್ಲಿರುವ ನಮಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ! ಮುತ್ತಾ ಎಂಬ ಇನ್ನೊಬ್ಬಾಕೆ ಒರಳು, ಒನಕೆ, ಗಂಡ ಈ ಮೂರರಿಂದಲೂ ಬಿಡುಗಡೆಯಾಯಿತೆಂದು ಹಾಡುತ್ತಾಳೆ. ಥೇರಗಾಥೆಯ ಸುನೀತ ಬಾಡಿದ ಹೂ ಗುಡಿಸುತ್ತಿದ್ದವನು. ಇವರೆಲ್ಲ ಹಾಡಿದ್ದು ಸಂಘ ಸೇರಿದ ಮೇಲೆ, ನಿಜ. ಆದರೆ ಹಾಡಿನ ತುಂಬ ಇರುವುದು ಅವರು ದುಡಿದ ಬದುಕೇ.

ನಮ್ಮ ಅಜ್ಜಿಯರೂ ಬೀಸುವಾಗ, ಕುಟ್ಟುವಾಗ ತ್ರಿಪದಿ ಹಾಡಿದವರೇ. ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು. ಆ ಕಷ್ಟ ತಪ್ಪಿದ್ದು ಒಳ್ಳೆಯದೇ, ಆದರೆ ಅದರ ಜೊತೆಗೆ ಪದವೂ ಹೋಯಿತು. ನಮ್ಮೂರ ಹೊಳೆಯೊಳಗೆ ಗಂಗಾಂಬಿಕೆಯ ಐಕ್ಯ ಮಂಟಪವಿದೆ. ಆಕೆ ವಚನ ಬರೆದವಳು ಎಂಬುದು ಇಲ್ಲಿ ಎಷ್ಟು ಮಂದಿಗೆ ನೆನಪಿದೆ? ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಹಾಡುಗಳು ಓದು ಬಾರದವರ ಬಾಯಲ್ಲೂ ನಿಂತದ್ದು ದಲಿತ ಚಳವಳಿಯ ಮೆರವಣಿಗೆಗಳಲ್ಲಿ.

ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ನಮ್ಮ ಮಕ್ಕಳು ತ್ರಿಸರಣ, ಪಂಚಶೀಲವನ್ನು ಪಾಳಿಯಲ್ಲಿ ಒಂದಕ್ಷರ ತಪ್ಪದೆ ಹೇಳುತ್ತಾರೆ. ಅರ್ಥ ಕೇಳಿದರೆ ಮುಖ ಮುಖ ನೋಡುತ್ತಾರೆ. ಅರ್ಥ ತಿಳಿಯದ ಮಂತ್ರವನ್ನು ಬಿಟ್ಟು ಬಂದವರು ನಾವು. ಮತ್ತೊಂದು ಮಂತ್ರ ಹಿಡಿದು ಕೂತರೆ ಬಂದದ್ದೇನು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆಗಳನ್ನು ಜನರ ಮಾತಾದ ಮರಾಠಿಯಲ್ಲೇ ಹೇಳಿಸಿದರು. ಪಾಳಿ ಬೇಡವೆನ್ನುತ್ತಿಲ್ಲ, ಅದರ ಪಕ್ಕದಲ್ಲಿ ಕನ್ನಡವೂ ಇರಲಿ.

ಧಮ್ಮಪದದಲ್ಲಿ 423 ಗಾಥೆಗಳಿವೆ. ಒಂದನ್ನು ಆರಿಸಿಕೊಳ್ಳಿ, ವಾರವಿಡೀ ಅದೊಂದೇ ಸಾಕು. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಹೊಲದ ದಾರಿಯಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಿ. ರಾತ್ರಿ ಮಗುವಿಗೆ ಅದನ್ನೇ ನಿಮ್ಮ ಮಾತಿನಲ್ಲಿ ಹೇಳಿ. ಮಗು "ಅಂದ್ರ ಏನವ್ವಾ?" ಎಂದರೆ ಮತ್ತೊಮ್ಮೆ ಹೇಳಬೇಕಾಗುತ್ತದೆ, ಆಗಲೇ ನಮಗೂ ಅದು ತಿಳಿಯುವುದು. ಫಾರ್ವರ್ಡ್ ಮಾಡಿ ಮರೆಯಬೇಡಿ (ಇದೂ ಫಾರ್ವರ್ಡೇ, ಗೊತ್ತಿದೆ 😊).

ಭಾನುವಾರದ ವಂದನೆಗೆ ಬರುವಾಗ ಒಬ್ಬೊಬ್ಬರೂ ಒಂದು ಗಾಥೆಯ ಅರ್ಥವನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳುವಂತೆ ಬನ್ನಿ. ಪ್ರಶ್ನೆ ಕೇಳಿದ ಹಿರಿಯರಿಗೆ ಅವರ ಅವ್ವ ಬೀಸುವಾಗ ಹಾಡುತ್ತಿದ್ದ ಒಂದೆರಡು ಪದ ಇನ್ನೂ ನೆನಪಿವೆಯಂತೆ. ಅಂದು ಅವರಿಂದಲೇ ಶುರು ಮಾಡಿಸೋಣ.

ನಮೋ ಬುದ್ಧಾಯ. ಜೈ ಭೀಮ್.