ಮಿದುಳಿನೊಳಗೆ ಗುಳ್ಳೆ ಏಳುತ್ತದೆಯೇ?

ತಂದೆಯವರ ಕೈನಡುಕಕ್ಕೆ ಕೇಂದ್ರೀಕೃತ ಅಲ್ಟ್ರಾಸೌಂಡ್ ಮಾಡಿಸಲು ಹೊರಟ ನಿಮಗೆ ‘ಮಿದುಳಿನಲ್ಲಿ ಗುಳ್ಳೆ ಏಳುತ್ತದಂತೆ’ ಎಂಬ ಮಾತು ನಿದ್ದೆ ಕೆಡಿಸಿದೆ. ಆ ಮಾತು ಸುಳ್ಳಲ್ಲ. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಒತ್ತಡ ಇಳಿದು ಗುಳ್ಳೆಗಳು ಬುಸ್ಸೆಂದು ಏಳುತ್ತವಲ್ಲ? ಶಬ್ದದ ಅಲೆಯೂ ಅಂಗಾಂಶವನ್ನು ಒಮ್ಮೆ ಒತ್ತಿ, ಮರುಕ್ಷಣ ಸಡಿಲಿಸುತ್ತದೆ. ಸಡಿಲಿಕೆ ಮಿತಿಮೀರಿದರೆ ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. ಅದು ರಭಸದಿಂದ ಕುಸಿದರೆ ಸಣ್ಣ ರಕ್ತನಾಳ ಒಡೆಯಬಹುದು.

ಆದರೆ ಇಲ್ಲಿ ಬೇಕಿರುವುದು ಗುಳ್ಳೆಯಲ್ಲ, ಶಾಖ. ಮಿದುಳಿನ ಆಳದಲ್ಲಿರುವ ಥಾಲಮಸ್ ಎಂಬ ಭಾಗದ ಪುಟ್ಟ ಜಾಗವೊಂದನ್ನು 55ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅಮೆರಿಕದಲ್ಲಿ 2016ರಲ್ಲೇ ಇದಕ್ಕೆ ಅನುಮತಿ ಸಿಕ್ಕಿತು. ತಲೆಯ ಸುತ್ತಲಿನ ಹೆಲ್ಮೆಟ್‌ನಲ್ಲಿ 1024 ಶಬ್ದಮೂಲಗಳಿರುತ್ತವೆ, ಜೊತೆಗೆ ಗುಳ್ಳೆಯ ಸದ್ದಿಗೇ ಕಿವಿಗೊಟ್ಟ ಸಂವೇದಕಗಳೂ ಇರುತ್ತವೆ. ಸದ್ದು ಮಿತಿ ದಾಟಿದರೆ ಯಂತ್ರ ನಿಲ್ಲುತ್ತದೆ. ತಂದೆಯವರು ಎಚ್ಚರವಾಗಿಯೇ ಇದ್ದು, ನಡುನಡುವೆ ಕಾಗದದ ಮೇಲೆ ಸುರುಳಿ ಬಿಡಿಸಿ ತೋರಿಸುತ್ತಾರೆ. ನಿಲ್ಲಿಸುವ ಗುಂಡಿಯೂ ಅವರ ಕೈಯಲ್ಲೇ ಇರುತ್ತದೆ.

ನನ್ನನ್ನು ಕೇಳಿದರೆ, ನೀವು ಹೆಚ್ಚು ವಿಚಾರಿಸಬೇಕಾದದ್ದು ನಡಿಗೆಯಲ್ಲಿ ತೂಗಾಡುವಿಕೆ ಮತ್ತು ತುಟಿ, ಬೆರಳುಗಳ ಜೋಮಿನ ಬಗ್ಗೆ. ಕೆಲವರಲ್ಲಿ ಅವು ಉಳಿದುಬಿಡುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಈಗಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.