ಪಟಿಕ, ಮೈಲುತುತ್ತ, ಸೊಳ್ಳೆಮರಿ

ಪ್ರಶ್ನೆ: ಕಳೆದ ತಿಂಗಳು ಮಗನಿಗೆ ಮಲೇರಿಯಾ ಬಂತು. ನೋಡಿದರೆ ತಾರಸಿಯ ಟ್ಯಾಂಕಿನ ತುಂಬ ಸೊಳ್ಳೆಮರಿ. ಅತ್ತೆಯ ಮಾತು ಕೇಳಿ ಪಟಿಕ ಹಾಕಿದೆ. ಅದೇ ನೀರನ್ನು ಕುಡಿದಿದ್ದೇವೆ, ಭಯವಾಗುತ್ತಿದೆ.
– ಗೃಹಿಣಿ, ಮಂಗಳೂರು

ಉತ್ತರ: ಕುಡಿದ ನೀರಿನಿಂದ ಕೇಡಾದೀತೇ, ಮರಿಗಳು ಸತ್ತಾವೇ ಎಂಬುದು ನಿಮ್ಮ ಚಿಂತೆ. ಮೊದಲನೆಯದರ ಬಗ್ಗೆ ಸಮಾಧಾನವಾಗಿರಿ. ಊರಿಗೆ ನೀರು ಬಿಡುವ ಶುದ್ಧೀಕರಣ ಘಟಕಗಳಲ್ಲೂ ಕೆಸರನ್ನು ತಳಕ್ಕಿಳಿಸಲು ಪಟಿಕ ಬಳಸುತ್ತಾರೆ. ಸ್ವಲ್ಪ ಬಿದ್ದರೆ ಅಪಾಯವಿಲ್ಲ.

ಅತ್ತೆಯವರ ಮಾತೂ ಪೂರ್ತಿ ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಪಟಿಕದ ದ್ರಾವಣಕ್ಕೆ ಮರಿಗಳು ಸತ್ತದ್ದುಂಟು. ಆದರೆ ಅಲ್ಲಿ ನೀರೂ ಪಟಿಕವೂ ಅಳತೆಯಲ್ಲಿರುತ್ತವೆ. ನಿಮ್ಮ ಟ್ಯಾಂಕಿನ ನೀರು ದಿನವೂ ಖರ್ಚಾಗಿ ಮತ್ತೆ ತುಂಬುತ್ತದೆ, ಹಾಕಿದ್ದು ನಲ್ಲಿಯಲ್ಲಿ ಹರಿದುಹೋಗುತ್ತದೆ. ಅದೂ ಅಲ್ಲದೆ, ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ (ಟ್ಯಾಂಕು, ಬಾವಿಗಳಲ್ಲಿ ಬೆಳೆಯುವ ಸೊಳ್ಳೆ) ಮೊಟ್ಟೆಯಿಡಲು ಬಯಸುವುದು ತಿಳಿನೀರನ್ನೇ. ಪಟಿಕ ಮಾಡುವ ಕೆಲಸವೂ ನೀರನ್ನು ತಿಳಿಯಾಗಿಸುವುದೇ!

ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 8–10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಟ್ಯಾಂಕು ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ತುಂಬಿ. ಮುಚ್ಚಳದಲ್ಲಿ ಸಂದಿ ಇರಬಾರದು. ನೀರು ಉಕ್ಕಿ ಹೋಗುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಖಾಲಿ ಮಾಡಲಾಗದಿದ್ದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. ಟೆಮೆಫಾಸ್ (ಮರಿನಾಶಕ ಔಷಧ) ಎಷ್ಟು ಹಾಕಬೇಕೆಂದು ಅವರಿಗೆ ಗೊತ್ತು.

ಮಗನ ವರದಿಯಲ್ಲಿ ವೈವಾಕ್ಸ್ (ಮಲೇರಿಯಾದ ಒಂದು ಬಗೆ) ಎಂದಿದ್ದು, ವೈದ್ಯರು ಪ್ರೈಮಾಕ್ವಿನ್ (ಯಕೃತ್ತಿನಲ್ಲಿ ಅಡಗಿದ ರೋಗಾಣು ಕೊಲ್ಲುವ ಮಾತ್ರೆ) 14 ದಿನಕ್ಕೆ ಬರೆದಿದ್ದರೆ, ಅಷ್ಟೂ ದಿನ ನುಂಗಿದನೇ ನೋಡಿ. ನಡುವೆ ಬಿಟ್ಟರೆ ಜ್ವರ ಮರುಕಳಿಸಬಹುದು.

ಪ್ರಶ್ನೆ: ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ ಉಳಿದಿದೆ. ಬಾವಿಗೆ ಹಾಕಲೇ? ಹಿಂದೆ ಸೊಳ್ಳೆಗೆ ಹಸಿರು ಪುಡಿ ಎರಚುತ್ತಿದ್ದರೆಂದು ಅಜ್ಜ ಹೇಳುತ್ತಿದ್ದರು.
– ಕೃಷಿಕ, ಪುತ್ತೂರು

ಉತ್ತರ: ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ದಯವಿಟ್ಟು ಹಾಕಬೇಡಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಅಡಿಕೆಯ ಕೊಳೆರೋಗಕ್ಕೆ ಒಳ್ಳೆಯ ಮದ್ದಾದರೂ ಕುಡಿಯುವ ನೀರಿನಲ್ಲಿ ತಾಮ್ರ ಹೆಚ್ಚಾದರೆ ಹೊಟ್ಟೆನೋವು, ವಾಂತಿ ಬರುತ್ತದೆ.

ಅಜ್ಜ ಹೇಳಿದ್ದು ಬಹುಶಃ ಪ್ಯಾರಿಸ್ ಗ್ರೀನ್ (ತಾಮ್ರ, ಪಾಷಾಣ ಕೂಡಿದ ಪುಡಿ) ಇರಬೇಕು. ಡಿಡಿಟಿ ಕೀಟನಾಶಕ ಬರುವ ಮೊದಲು ಅದನ್ನು ನಿಂತ ನೀರಿನ ಮೇಲೆ ಎರಚುತ್ತಿದ್ದರು. ಮರಿಗಳೇನೋ ಸಾಯುತ್ತಿದ್ದವು, ಆದರೆ ಅದು ವಿಷ.

ನಿಮ್ಮ ಬಾವಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಸಾಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮೀನು ಬಿಟ್ಟ ಮೇಲೆ ಬ್ಲೀಚಿಂಗ್ ಪುಡಿಯನ್ನು ಬಾವಿಗೆ ಸುರಿಯಬೇಡಿ, ಮೀನು ಸಾಯುತ್ತವೆ. ಕುಡಿಯುವ ನೀರನ್ನು ಕುದಿಸಿಕೊಳ್ಳಿ. ಉಳಿದ ಮೈಲುತುತ್ತವನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಮುಂದಿನ ಮಳೆಗಾಲಕ್ಕೆ ತೋಟಕ್ಕೇ ಆಗುತ್ತದೆ.